ಬೇರೆಯವರ ರಿಪೋರ್ಟ್

"ನಿಮ್ಮ ಸರ್ವರ್ ಬೆಳಗ್ಗಿಂದ ನಲವತ್ತು ಸಲ ನನ್ನ ಮುಖಕ್ಕೆ ಬಾಗಿಲು ಹಾಕಿದೆ. ನನ್ನ ಮೇಲೆ ಏನಾದ್ರೂ ಕೋಪನಾ?"

ಅವಳು ತಲೆ ಎತ್ತಿದಳು. ಎದುರಿಗೆ ಕೆಳಗಿನ ಮಹಡಿಯ ಹೊಸಬ ನಿಂತಿದ್ದ. ಮೆಟ್ಟಿಲು ಹತ್ತಿ ಬಂದ ಏದುಸಿರು, ಕೈಯಲ್ಲಿ ಫೋನು.

ಅದೊಂದು ರಕ್ತಪರೀಕ್ಷೆಯ ಲ್ಯಾಬ್. ರೋಗಿಗಳು ತಮ್ಮ ರಿಪೋರ್ಟನ್ನು ಫೋನಿನಲ್ಲೇ ನೋಡುವ ಆ್ಯಪ್ ಅವನದು. ಆ ಆ್ಯಪ್ ಕಳಿಸುವ ಪ್ರತಿಯೊಂದು ಕೋರಿಕೆಯನ್ನೂ ತಡೆದು, 'ನೀನು ಯಾರು?' ಎಂದು ಕೇಳಿ, ಗುರುತು ಸರಿಯಿದ್ದರೆ ಮಾತ್ರ ರಿಪೋರ್ಟ್ ಕೊಡುವ ಸರ್ವರ್ ಅವಳದು. ಆಫೀಸಿನಲ್ಲಿ ಅವಳಿಗೆ 'ಬೀಗದಮ್ಮ' ಎಂದೇ ಹೆಸರು.

ಅವಳು ಫೋನು ತೆಗೆದುಕೊಂಡು ಒಂದು ನಿಮಿಷ ನೋಡಿದಳು.

"ಪ್ರತಿ ಕೋರಿಕೆ ಮೇಲೂ ಸಮಯದ ಮುದ್ರೆ ಇರುತ್ತೆ. ಐದು ನಿಮಿಷಕ್ಕಿಂತ ಹಳೇದಾದ್ರೆ ಯಾರೋ ಕದ್ದು ಮತ್ತೆ ಕಳಿಸ್ತಿದ್ದಾರೆ ಅಂತ ಸರ್ವರ್ ತಳ್ಳಿಬಿಡುತ್ತೆ. ನಿಮ್ಮ ಫೋನಿನ ಗಡಿಯಾರ ಇಪ್ಪತ್ತು ನಿಮಿಷ ಹಿಂದಿದೆ."

ಅವನು ಹಣೆ ಚಚ್ಚಿಕೊಂಡ. ನಿನ್ನೆ ಏನನ್ನೋ ಪರೀಕ್ಷಿಸಲು ತಾನೇ ಗಡಿಯಾರ ತಿರುಗಿಸಿ ಮರೆತಿದ್ದನಂತೆ. "ಹಾಗಾದ್ರೆ ತಪ್ಪು ಪೂರ್ತಿ ನಂದೇ," ಎಂದು ನಕ್ಕು ಇಳಿದುಹೋದ.

ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವ ಗಂಡಸು ಇರ್ತಾನಾ... ಅವಳು ಖಾಲಿ ಬಾಗಿಲನ್ನೇ ನೋಡುತ್ತ ಕುಳಿತಳು.

ಆಮೇಲೆ ಎರಡು ತಿಂಗಳು ಅವರ ಊಟ ಮೆಟ್ಟಿಲ ಮೇಲೆಯೇ ಆಯಿತು. ಅವನು ಅಮ್ಮನ ಮರೆವಿನ ಕಥೆಗಳನ್ನು ಹೇಳುತ್ತಿದ್ದ. ಅವಳು ಅಕ್ಕನ ಜೊತೆಗಿನ ಜಗಳಗಳನ್ನು ಹೇಳುತ್ತಿದ್ದಳು. ಹೇಳಬೇಕಾದ ಮುಖ್ಯವಾದದ್ದನ್ನು ಮಾತ್ರ ಇಬ್ಬರೂ ಹೇಳಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಅವಳು ಎಂದಿನಂತೆ ಸರ್ವರಿನ ದಾಖಲೆ ತೆರೆದಳು. ಯಾರು, ಯಾವಾಗ, ಏನು ಕೇಳಿದರು ಎಂಬುದೆಲ್ಲ ಅದರಲ್ಲಿತ್ತು. ಅವನ ಸ್ವಂತ ಖಾತೆಯಿಂದ ಯಾರೋ ಹೆಂಗಸಿನ ರಿಪೋರ್ಟ್ ತೆರೆಯಲಾಗಿತ್ತು... ಒಂದಲ್ಲ, ಏಳು ಸಲ.

ಇವನೂ ಕದ್ದು ನೋಡುವವನೇ?

ಅವನು ಆಫೀಸಿಗೆ ಬರುವವರೆಗೆ ಕಾದು ಅವನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ನೇರವಾಗಿ ಮ್ಯಾನೇಜರ್ ಬಳಿ ಹೋದಳು. ಅವನು ಬರುತ್ತಲೇ ಅವರು ಕರೆಸಿಕೊಂಡರು. ಮಧ್ಯಾಹ್ನದೊಳಗೆ ಅವನ ಖಾತೆ ಮುಚ್ಚಿತು, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದರು. ಸರ್ವರಿನಲ್ಲೇ ಏನೋ ಲೋಪವಿದೆ ಎಂದು ಅವನು ವಿವರಿಸಲು ನೋಡಿದನಂತೆ. ಮ್ಯಾನೇಜರ್ ಅದನ್ನು ನೆಪವೆಂದುಕೊಂಡರು. ಗೇಟು ದಾಟುವಾಗ ಅವನು ಒಮ್ಮೆ ಮೇಲಿನ ಕಿಟಕಿಯತ್ತ ನೋಡಿದ. ಅವಳು ಪಕ್ಕಕ್ಕೆ ಸರಿದುಬಿಟ್ಟಳು.

ರಿಪೋರ್ಟ್ ಬೇರೆಯವರ ಕಣ್ಣಿಗೆ ಬಿದ್ದರೆ ರೋಗಿಗೆ ತಿಳಿಸಬೇಕೆಂಬುದು ಲ್ಯಾಬಿನ ನಿಯಮ. ಅವಳೇ ಫೋನ್ ಮಾಡಿ, ನೋಡಿದವನ ಹೆಸರನ್ನೂ ಹೇಳಿ, ಹೀಗಾಗಿದೆ, ಕ್ಷಮಿಸಿ ಎಂದಳು. ಆ ಕಡೆಯ ಹೆಂಗಸು ಅಲ್ಲಿಗೇ ತಡೆದರು.

"ಅವನು ನನ್ನ ಮಗ ಕಣಮ್ಮಾ. ನನ್ನ ರಿಪೋರ್ಟ್ ನಂಬರ್ ಹಾಕಿ ನೋಡ್ಲಾ ಅಂತ ಕೇಳಿದ, ನಾನೇ ನೋಡು ಅಂದೆ. ತೆರ್ಕೋಬಾರದಿತ್ತಂತೆ, ಎಷ್ಟು ಸಲ ಹಾಕಿದ್ರೂ ತೆರ್ಕೊಂಡುಬಿಡ್ತು. ಆ ಸರ್ವರ್ ಬರೆದವಳು ನೊಂದ್ಕೋತಾಳೆ, ಎದುರಿಗೆ ಕೂತೇ ಹೇಳ್ಬೇಕು ಅಂತ ತಿಂಡೀನೂ ಬಿಟ್ಟು ಓಡಿದ."

ಫೋನ್ ಇಟ್ಟವಳೇ ಕಂಪ್ಯೂಟರಿನತ್ತ ತಿರುಗಿದಳು.

ಅವಳು ತನ್ನದೇ ಕೋಡ್ ತೆರೆದಳು. 'ನೀನು ಯಾರು?' ಎಂದು ಸರ್ವರ್ ಸರಿಯಾಗಿಯೇ ಕೇಳುತ್ತಿತ್ತು. 'ಈ ರಿಪೋರ್ಟ್ ನಿನ್ನದೇನಾ?' ಎಂದು ಕೇಳುತ್ತಲೇ ಇರಲಿಲ್ಲ. ಒಮ್ಮೆ ಒಳಗೆ ಬಂದವರು ನಂಬರ್ ಬದಲಿಸಿದರೆ ಸಾಕು, ಯಾರ ರಿಪೋರ್ಟನ್ನಾದರೂ ನೋಡಬಹುದಿತ್ತು.

ತಪ್ಪು ಪೂರ್ತಿ ಅವಳದೇ.

ಸಂಜೆಯೊಳಗೆ ಆ ಪ್ರಶ್ನೆಯನ್ನು ಸೇರಿಸಿದಳು. ಮ್ಯಾನೇಜರ್ ಎದುರು ನಿಂತು, ಲೋಪ ನನ್ನದು, ಅದನ್ನು ಹಿಡಿದವನಿಗೆ ನಾನು ಶಿಕ್ಷೆ ಕೊಡಿಸಿದೆ ಎಂದಳು. ಮರುದಿನ ಮಧ್ಯಾಹ್ನದವರೆಗೂ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದಳು. ಆ ಲೋಪವನ್ನು ಬೇರೆ ಯಾರೂ ಬಳಸಿರಲಿಲ್ಲ. ಅವನ ಖಾತೆ ಮತ್ತೆ ತೆರೆಯಿತು. ವಿಷಯ ತಿಳಿಸಲು ಮ್ಯಾನೇಜರ್ ಫೋನ್ ಎತ್ತಿದಾಗ, ನಾನೇ ಹೋಗಿ ಹೇಳ್ತೀನಿ ಎಂದು ತಡೆದು ಅವಳು ಬಸ್ಸು ಹತ್ತಿದಳು.

ಬಾಗಿಲು ತೆರೆದ ಅವನ ಅಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಬಾಮ್ಮಾ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು.

ಅವನು ಸ್ಟೂಲಿನ ಮೇಲೆ ನಿಂತು ಫ್ಯಾನಿನ ಧೂಳು ಒರೆಸುತ್ತಿದ್ದ. ಇಳಿಯಲಿಲ್ಲ. ಅವಳು ನಡೆದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಮೆಲ್ಲಗೆ ಕೇಳಿದ, "ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ವಾ?"

"ಹೆದರಿಕೆ ಆಯ್ತು."

"ನನ್ನ ಕಂಡ್ರೆ?"

"ಅಲ್ಲ... ನೀವು ನಿಜವಾಗ್ಲೂ ಅಂಥವರೇ ಆಗಿದ್ರೆ ನಾನೇನು ಮಾಡ್ಲಿ ಅಂತ. ಅಷ್ಟು ಹಚ್ಕೊಂಡಿದ್ದೆ ನಿಮ್ಮನ್ನ."

ಒರೆಸುವ ಬಟ್ಟೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಸ್ಟೂಲಿನಿಂದ ಇಳಿದ. ಮುಖದ ತುಂಬ ಧೂಳು, ಧೂಳಿನ ನಡುವೆ ಒಂದು ನಗು.

"ನಿನ್ನೆಯಿಂದ ಕೋಪ ಮಾಡ್ಕೊಳ್ಳೋಕೆ ನೋಡ್ತಾನೇ ಇದೀನಿ. ಆಗ್ತಾನೇ ಇಲ್ಲ." ಅವನು ಬಿದ್ದ ಬಟ್ಟೆ ಎತ್ತಿಕೊಂಡ. "ಊಟ ಮಾಡ್ಕೊಂಡೇ ಹೋಗು."

ಹೋಗು! ಎರಡು ತಿಂಗಳ 'ನೀವು' ಅಲ್ಲಿಗೆ ಮುಗಿದಿತ್ತು. ಅವಳ ಕಣ್ಣು ತುಂಬಿ ಬಂತು.

"ಹೂಂ," ಎಂದಳು, "ಮೊದ್ಲು ಮುಖ ತೊಳ್ಕೊಂಡು ಬಾ."