ಕೊನೆಯ ಜೌಗುಕೋಳಿ ಕಾಣೆಯಾದ ಪ್ರಕರಣ

ಫೆಬ್ರವರಿ 11, ಸೋಮವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಠಾಣೆಯೊಳಗೆ ಬಂದ ಹೆಂಗಸಿನ ಪ್ಯಾಂಟು ಮೊಣಕಾಲಿನವರೆಗೂ ಕೆಸರಾಗಿತ್ತು. ಹಕ್ಕಿಗಳ ಸಂಶೋಧಕಿ ಎಂದು ಗುರುತಿನ ಚೀಟಿ ತೋರಿಸಿ ಇನ್‌ಸ್ಪೆಕ್ಟರ್ ಎದುರಿಗೆ ಕುಳಿತರು.

"ಕಳವಾಗಿದೆ ಸಾರ್."

"ಏನು?"

"ಹಕ್ಕಿ. ಬೂದುಕತ್ತಿನ ಜೌಗುಕೋಳಿ."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟರು. ಬೇರೆಯವರ ಕಾಗುಣಿತ ತಿದ್ದುವ ಚಟದಿಂದಾಗಿ ಅವರನ್ನು ಠಾಣೆಯಲ್ಲಿ ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. "ಕೋಳಿ ಕಳವು ಅಂತ ಎಫ್‌ಐಆರ್ ಬರೆದರೆ ಮೇಲಿನವರು ನಮ್ಮನ್ನ ಆಡಿಕೊಳ್ತಾರೆ ಮೇಡಂ."

"ಅಂಥ ಹಕ್ಕಿ ಎಷ್ಟಿವೆ?" ಇನ್‌ಸ್ಪೆಕ್ಟರ್ ಕೇಳಿದರು.

"ಭೂಮಿ ಮೇಲೆ ಎರಡೇ. ನಮ್ಮ ಸಾಕಣೆ ಕೇಂದ್ರದಲ್ಲಿ ಒಂದು ಹೆಣ್ಣು. ಈ ಜೌಗಿನಲ್ಲಿ ಒಂದು ಗಂಡು. ಅದನ್ನ ಹಿಡಿದು ಹೆಣ್ಣಿನ ಜೊತೆ ಬಿಡೋಕೆ ಅನುಮತಿ ಸಿಗೋ ಹೊತ್ತಿಗೆ ಎರಡು ವರ್ಷ ಆಯ್ತು. ಆರು ದಿನದಿಂದ ಬಲೆ ಹಿಡಿದು ಹುಡುಕ್ತಿದೀವಿ. ಒಂದು ಗರಿ ಕೂಡ ಸಿಕ್ಕಿಲ್ಲ. ಆದರೆ ಕಾವಲುಗಾರರ ರಿಜಿಸ್ಟರಿನಲ್ಲಿ, ನಾವು ಬರೋ ಹಿಂದಿನ ದಿನ ಕೂಡ ಕಂಡಿತ್ತು ಅಂತಿದೆ."

ಮೇಷ್ಟ್ರ ಮುಖದ ನಗು ಮಾಯವಾಯಿತು. ಪೆನ್ನು ತೆಗೆದುಕೊಂಡರು. "ಗುರುತು?"

"ಎಡಗಾಲಿಗೆ ಅಲ್ಯೂಮಿನಿಯಂ ಬಳೆ. ಅದರ ಮೇಲೆ ಹದಿನೇಳು ಅಂತ ಇದೆ."

10 ಗಂಟೆ 55 ನಿಮಿಷಕ್ಕೆ ಕಳವಿನ ಎಫ್‌ಐಆರ್ ದಾಖಲಾಯಿತು.

ಜೀಪು ಹೋಗುವ ದಾರಿ ಮುಗಿದ ಮೇಲೆ ಏರಿಯ ಮೇಲೆ ಅರ್ಧ ಗಂಟೆ ನಡೆಯಬೇಕಿತ್ತು. ಎರಡೂ ಕಡೆ ಆಳೆತ್ತರದ ಜೊಂಡು. ಗಾಳಿ ಬೀಸಿದಾಗ ಮಾತ್ರ ಸದ್ದು. ಕೊನೆಯಲ್ಲಿ ತಗಡಿನ ಮಾಡಿನ ಕಾವಲು ಮನೆ. ಕಾವಲುಗಾರನಿಗೆ ಐವತ್ತೆಂಟು ವರ್ಷ. ಅಲ್ಲಿ ಸೇರಿ ಹತ್ತೊಂಬತ್ತು ವರ್ಷ.

ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಶುರುವಾಯಿತು. ಒಂದು ಮಂಚ, ಒಂದು ಸ್ಟವ್, ಒಂದು ತಟ್ಟೆ, ಒಂದು ಲೋಟ. ಸರ್ಕಾರ ಕೊಟ್ಟ ಕ್ಯಾಮರಾ. ಗೋಡೆಗೆ ಒರಗಿಸಿದ ಹತ್ತೊಂಬತ್ತು ರಿಜಿಸ್ಟರುಗಳು. ಕಾವಲುಗಾರ ಚಹಾ ಮಾಡಿದ. ಲೋಟ ಒಂದೇ ಇದ್ದುದರಿಂದ ಬಂದವರೆಲ್ಲ ಸರದಿಯಲ್ಲಿ ಕುಡಿದರು. ಅವನು ಪ್ರತಿ ಸಲವೂ ತೊಳೆದು ತಂದುಕೊಟ್ಟ.

"ಕೊನೆಗೆ ನೋಡಿದ್ದು ಯಾವಾಗ?"

"ನಾಲ್ಕನೇ ತಾರೀಖು ಬೆಳಗ್ಗೆ ಆರೂ ನಲವತ್ತಕ್ಕೆ ಸಾರ್. ಅಗೋ, ಆ ನೀರಿನ ಅಳತೆ ಕಂಬದ ಹತ್ತಿರ."

"ಹೊರಗಿನವರು ಬಂದಿದ್ದರಾ?"

"ಇಲ್ಲಿಗ್ಯಾರು ಬರ್ತಾರೆ ಸಾರ್?"

ಅಷ್ಟು ಹೇಳಿದವನು ಆಮೇಲೆ ಬಾಯಿ ಮುಚ್ಚಲೇ ಇಲ್ಲ. ನೀರುಹಾವಿನ ವಿಷಯ, ಸೋರುವ ಮಾಡಿನ ವಿಷಯ, ತನ್ನ ಮೊಣಕಾಲು ನೋವಿನ ವಿಷಯ. ಪೊಲೀಸರು ಹೊರಡಲು ಎದ್ದಾಗ, "ಇನ್ನೊಂದು ಸುತ್ತು ನೋಡ್ಕೊಂಡು ಹೋಗಿ ಸಾರ್, ಆ ಕಡೆ ಏರಿ ನೋಡಲೇ ಇಲ್ಲ ನೀವು" ಎಂದ. ಇನ್‌ಸ್ಪೆಕ್ಟರ್ ಆ ಕಡೆ ಏರಿಯನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ.

12 ಮತ್ತು 13ನೇ ತಾರೀಖು ಬೇಟೆಗಾರರ ಜಾಡಿನಲ್ಲೇ ಕಳೆದವು. ಹಳೆಯ ಕೇಸಿನಲ್ಲಿದ್ದ ಮೂವರನ್ನು ಹುಡುಕಿಸಿದರು. ಒಬ್ಬ ಆಸ್ಪತ್ರೆಯಲ್ಲಿದ್ದ. ಒಬ್ಬ ಊರಲ್ಲೇ ಇರಲಿಲ್ಲ. ಮೂರನೆಯವನು, "ಆ ಕೆಸರಲ್ಲಿ ಇಳಿದರೆ ನಾನೇ ವಾಪಸ್ ಬರಲ್ಲ, ಇನ್ನು ಹಕ್ಕಿ ಎಲ್ಲಿ ತರ್ಲಿ ಸಾರ್?" ಎಂದ. ಪಂಜರದ ಹಕ್ಕಿ ಮಾರುವ ಅಂಗಡಿಗಳಲ್ಲೂ ಸುಳಿವು ಸಿಗಲಿಲ್ಲ.

ಬುಧವಾರ ಮಧ್ಯಾಹ್ನ, ವಶಕ್ಕೆ ಪಡೆದ ರಿಜಿಸ್ಟರುಗಳಲ್ಲಿ ಕಾವಲುಗಾರ ಅಂಟಿಸಿದ್ದ ಫೋಟೋಗಳನ್ನು ಮೇಷ್ಟ್ರು ಮೇಜಿನ ಮೇಲೆ ಹರಡಿ ಕೂತಿದ್ದರು. ನಿಯಮದ ಪ್ರಕಾರ ತಿಂಗಳಿಗೊಂದು ಫೋಟೋ. ಬೂದು ಕತ್ತು, ಉದ್ದ ಕಾಲು, ತುಸು ಬಾಗಿದ ಕೊಕ್ಕು.

"ಸಾರ್, ಇಲ್ಲಿ ನೋಡಿ. ಹಕ್ಕಿ ಹಿಂದೆ ಅಳತೆ ಕಂಬ ಇದೆಯಲ್ಲ, ನೀರು ಎಷ್ಟನೇ ಗೆರೆಗಿದೆ?"

"ಏಳು."

"ಇದರಲ್ಲಿ?"

"ಏಳು. ಏಳಕ್ಕಿಂತ ಒಂಚೂರು ಮೇಲೆ."

"ಮಳೆಗಾಲಕ್ಕೂ ಏಳು, ಬೇಸಿಗೆಗೂ ಏಳು. ಮೊನ್ನೆ ನಾವು ಹೋದಾಗ ಮೂರಿತ್ತು."

14ರಂದು ಬೆಳಿಗ್ಗೆ 11 ಗಂಟೆಗೆ ಇನ್‌ಸ್ಪೆಕ್ಟರ್ ನೀರಾವರಿ ಕಚೇರಿಯ ನೀರಿನ ಮಟ್ಟದ ಪುಸ್ತಕ ತರಿಸಿಕೊಂಡರು. ಜೌಗಿನ ನೀರು ತಡೆಯುವ ತೂಬಿನ ಬಾಗಿಲು ಮುರಿದು ಎರಡೂವರೆ ವರ್ಷವಾಗಿತ್ತು. ಅಂದಿನಿಂದ ನೀರು ನಾಲ್ಕನೇ ಗೆರೆ ದಾಟಿರಲೇ ಇಲ್ಲ. ಅಂದರೆ ಆಮೇಲಿನ ಮೂವತ್ತೊಂದು ಫೋಟೋಗಳೂ ಹಳೆಯವು. ಒಂದೇ ಕಂತೆಯಿಂದ ತಿಂಗಳಿಗೊಂದರಂತೆ ತೆಗೆದು ಅಂಟಿಸಿದ್ದು.

ಇನ್‌ಸ್ಪೆಕ್ಟರ್ ಪುಸ್ತಕ ಮುಚ್ಚಿದರು. ಆಮೇಲೆ, "ನಾಳೆ ಮೇಡಮ್ಮಿಗೂ ಬರೋಕೆ ಹೇಳಿ" ಎಂದರು.

ಫೆಬ್ರವರಿ 15, ಬೆಳಿಗ್ಗೆ 10 ಗಂಟೆ 10 ನಿಮಿಷ. ಕಾವಲುಗಾರ ಏರಿಯ ಮೇಲೆ ಅರ್ಧ ದಾರಿ ಎದುರು ಬಂದಿದ್ದ. ಇನ್‌ಸ್ಪೆಕ್ಟರ್ ಎರಡು ಫೋಟೋ ಅವನ ಕೈಗಿತ್ತರು.

"ಈ ಕಂಬ ನೋಡಿ. ನೀರೆಲ್ಲಿದೆ?"

ಅವನು ನೋಡಿದ. ಕಂಬದ ಕಡೆ ತಿರುಗಿ ನೋಡಿದ. ಮತ್ತೆ ಫೋಟೋ ನೋಡಿದ.

"ಕದ್ದವರು ಯಾರು?"

"ಯಾರೂ ಕದ್ದಿಲ್ಲ ಸಾರ್. ಹಕ್ಕಿನೇ ಇಲ್ಲ."

ಮನೆಯ ಹಿಂದೆ, ನೀರು ಹತ್ತದ ದಿಬ್ಬದಲ್ಲಿ ಅವನು ತೋರಿಸಿದ ಜಾಗವನ್ನು ಸಾಕ್ಷಿಗಳ ಎದುರು ಅಗೆದರು. 10 ಗಂಟೆ 50 ನಿಮಿಷಕ್ಕೆ ಬಿಸ್ಕತ್ತಿನ ತಗಡಿನ ಡಬ್ಬ ಸಿಕ್ಕಿತು. ಒಳಗೆ ಮಡಿಸಿದ ಟವೆಲ್ಲು, ಸಣ್ಣ ಎಲುಬುಗಳು, ಅಲ್ಯೂಮಿನಿಯಂ ಬಳೆ. ಹದಿನೇಳು.

"ಕೊಂದೆಯಾ?" ಮೇಷ್ಟ್ರು ಗದರಿದರು.

"ಅಯ್ಯೋ, ಇಲ್ಲ ಸಾರ್! ಬೆಳಗ್ಗೆ ಎದ್ದು ನೋಡ್ತೀನಿ, ಜೊಂಡಿನ ಬುಡದಲ್ಲಿ ಮಲಗಿತ್ತು. ಮೈಮೇಲೆ ಒಂದು ಗಾಯ ಇಲ್ಲ. ಅದಕ್ಕೂ ವಯಸ್ಸಾಗಿತ್ತು." ಎಲುಬು ಪರೀಕ್ಷಿಸಿದ ಪಶುವೈದ್ಯರೂ ಆಮೇಲೆ ಹಾಗೆಯೇ ಬರೆದರು; ಪೆಟ್ಟಿನ ಗುರುತಿಲ್ಲ ಎಂದು.

ಸಂಶೋಧಕಿ ಕೆಸರಿನಲ್ಲೇ ಕುಕ್ಕರಿಸಿದರು. ಅವರಿಗೆ ಕೂಗಾಡುವಷ್ಟು ಶಕ್ತಿಯೂ ಉಳಿದಿರಲಿಲ್ಲ. "ಸತ್ತ ದಿನವೇ ಹೇಳಿದ್ದರೆ ಅದರ ಜೀವಕೋಶನಾದರೂ ಉಳಿಸಿ ಇಡ್ತಿದ್ವಲ್ಲಪ್ಪ. ಅಲ್ಲಿ ಆ ಹೆಣ್ಣು ವರ್ಷವರ್ಷ ಮೊಟ್ಟೆ ಇಡುತ್ತೆ, ಕಾವು ಕೂತ್ಕೊಳ್ಳುತ್ತೆ. ಒಂದೂ ಮರಿಯಾಗಲ್ಲ. ಗಂಡು ಬರುತ್ತೆ, ಗಂಡು ಬರುತ್ತೆ ಅಂತ ನಾವು ಬೇರೆ ದಾರಿ ಹುಡುಕಲೇ ಇಲ್ಲ."

ಕಾವಲುಗಾರ ತಲೆ ಎತ್ತಿದ. "ಹೆಣ್ಣಾ? ಇನ್ನೊಂದಿದೆಯಾ?"

"ನಿಮಗೆ ಗೊತ್ತಿರಲಿಲ್ವಾ?"

"ಹಿಡಿಯೋಕೆ ಬರ್ತಾರೆ ಅಂತಷ್ಟೇ ಗೊತ್ತಿತ್ತು. ಯಾಕೆ ಅಂತ ನನಗ್ಯಾರೂ ಹೇಳಲಿಲ್ಲ." ಅವನು ಡಬ್ಬದ ಕಡೆ ನೋಡಿದ. "ಇದೂ ಒಂಟಿ, ನಾನೂ ಒಂಟಿ ಅಂದ್ಕೊಂಡಿದ್ದೆ. ಅದರದ್ದು ಅಂತ ಇನ್ನೊಂದು ಎಲ್ಲೋ ಇದೆ ಅಂತ ಗೊತ್ತಿದ್ದರೆ ಆವತ್ತೇ ಓಡಿಬಂದು ಹೇಳ್ತಿದ್ದೆ ಮೇಡಂ."

ಸಂಶೋಧಕಿ ಅವನ ಕಡೆ ನೋಡಲಿಲ್ಲ. ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡೇ ಇದ್ದರು. ಅದಕ್ಕೆ ಮುದ್ರೆ ಹಾಕಬೇಕಿತ್ತು. ಮೇಷ್ಟ್ರು ಕೇಳಲು ಸ್ವಲ್ಪ ಹೊತ್ತು ಕಾದರು.

ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದದ್ದು, ಸಂರಕ್ಷಿತ ಹಕ್ಕಿಯ ಸಾವನ್ನು ಮುಚ್ಚಿಟ್ಟದ್ದು. 11 ಗಂಟೆ 40 ನಿಮಿಷಕ್ಕೆ ಬಂಧನವಾಯಿತು. ಹೇಳಿಕೆ ಬರೆದುಕೊಂಡದ್ದು ಠಾಣೆಯಲ್ಲಿ, ಮಧ್ಯಾಹ್ನ ಮೂರಕ್ಕೆ.

"ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟಿರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇನ್ನೆರಡು ವರ್ಷಕ್ಕೆ ನಿವೃತ್ತಿ ಸಾರ್. ಕೆಲಸ ಹೋದರೆ ಹೋಗಲಿ."

"ಮತ್ತೆ?"

ಅವನು ಅಂಗೈ ನೋಡಿಕೊಂಡ. "ಅದು ಸತ್ತಿದ್ದು ಎರಡೂವರೆ ವರ್ಷದ ಹಿಂದೆ, ಒಂದನೇ ತಾರೀಖು. ಪ್ರತಿ ತಿಂಗಳು ಒಂದನೇ ತಾರೀಖು ನಮ್ಮ ಇಲಾಖೆ ದೊಡ್ಡ ಆಫೀಸಿಂದ ಫೋನ್ ಬರುತ್ತೆ. ಒಬ್ಬರು ಅಮ್ಮ ಮಾತಾಡ್ತಾರೆ. 'ಹಕ್ಕಿ ಹೇಗಿದೆ? ಏನು ತಿಂತು? ಕೂಗ್ತಾ?' ಅಂತ ಕೇಳ್ತಾರೆ. ಆವತ್ತೂ ಕೇಳಿದರು. ಚೆನ್ನಾಗಿದೆ ಅಂದುಬಿಟ್ಟೆ. ಇಲ್ಲ ಅಂದಿದ್ದರೆ ಮುಂದಿನ ತಿಂಗಳು ಅವರು ಯಾಕೆ ಫೋನ್ ಮಾಡ್ತಾರೆ ಹೇಳಿ? ನನಗೆ ಬರ್ತಿದ್ದ ಫೋನ್ ಅದೊಂದೇ ಸಾರ್."

ಬಂಧನದ ವಿಷಯವನ್ನು ಆರೋಪಿಯ ಕಡೆಯವರಿಗೆ ತಿಳಿಸಬೇಕು. ಅದಕ್ಕೆಂದು ಇದ್ದ ನಮೂನೆಯನ್ನು ಮೇಷ್ಟ್ರು ತೆಗೆದರು. "ಹತ್ತಿರದವರು ಯಾರು?"

"ಅಣ್ಣ ಇದ್ದ. ಹೋಗಿ ಆರು ವರ್ಷ ಆಯ್ತು."

"ಬೇರೆ ಯಾರು?"

ಅವನು ಒಂದು ಫೋನ್ ನಂಬರನ್ನು ಬಾಯಿಪಾಠದಿಂದ ಹೇಳಿದ. ಇನ್‌ಸ್ಪೆಕ್ಟರ್ ತಾವೇ ಫೋನ್ ಹಚ್ಚಿದರು. ಮಾತಾಡಿದ್ದು ದೊಡ್ಡ ಆಫೀಸಿನ ಗುಮಾಸ್ತೆ. ಕಾವಲುಗಾರನ ಹೆಸರು ಹೇಳಿದರೆ ಆಕೆಗೆ ಗೊತ್ತಾಗಲಿಲ್ಲ. ಇಪ್ಪತ್ಮೂರು ಕಾವಲು ಮನೆಗಳಿಗೆ ಫೋನ್ ಮಾಡುತ್ತೇನೆ, ಯಾವುದು ಹೇಳಿ ಎಂದರು.

"ಜೌಗಿನದು."

"ಓ, ಹಕ್ಕಿಯವರಾ! ಅವರೊಬ್ಬರೇ ನೋಡಿ ಸರಿಯಾಗಿ ಮಾತಾಡೋದು. ಮಿಕ್ಕವರೆಲ್ಲ ಹ್ಞೂಂ ಅಂದು ಇಟ್ಟುಬಿಡ್ತಾರೆ." ಆಮೇಲೆ ದನಿ ತಗ್ಗಿಸಿದರು. "ಪೊಲೀಸರು ಅಂದಿರಲ್ಲ. ಅವರಿಗೇನಾದರೂ ಆಯ್ತಾ?"

ಇನ್‌ಸ್ಪೆಕ್ಟರ್ ಫೋನನ್ನು ಕಾವಲುಗಾರನ ಕಡೆ ಚಾಚಿದರು. "ನಿಮ್ಮ ಬಗ್ಗೆ ಕೇಳ್ತಿದ್ದಾರೆ."

ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಇನ್‌ಸ್ಪೆಕ್ಟರ್ ಜಗಲಿಗೆ ಬಂದು ನಿಂತರು. ನಮೂನೆ ಹಿಡಿದು ಮೇಷ್ಟ್ರೂ ಹಿಂದೆಯೇ ಬಂದರು.

"ಸಾರ್, ಸಂಬಂಧ ಅನ್ನೋ ಕಡೆ ಏನು ಬರೀಲಿ?"

ಒಳಗಿನಿಂದ ಕಾವಲುಗಾರನ ದನಿ ಕೇಳುತ್ತಿತ್ತು.

"ಪರಿಚಯದವರು ಅಂತ ಬರೀರಿ" ಎಂದರು ಇನ್‌ಸ್ಪೆಕ್ಟರ್.