ಒಂಬತ್ತು ದಿನ ತಡವಾದ ಸಹಿ

"ನನ್ನ ಹೆಸರು ಬರೆದರೆ ಏನಾದ್ರೂ ಅಡ್ಡಿ ಇದೆಯಾ?" ಎಂದು ಅವನು ಕೇಳಿದ.

ಅವಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಅರ್ಹತೆ ಎಲ್ಲ ಸರಿ ಇದೆ ಸರ್. ಅಡ್ಡಿ ಏನಿಲ್ಲ."

ಮೇಜಿನ ಅಂಚನ್ನು ಹಿಡಿದಿದ್ದ ಅವನ ಬೆರಳುಗಳು, ಉಗುರಿನ ಸಂದಿಯಲ್ಲಿ ಸದಾ ಉಳಿದಿರುತ್ತಿದ್ದ ಮಣ್ಣಿನ ಗೆರೆ, ಅಷ್ಟೇ ಅವಳ ಕಣ್ಣಂಚಿಗೆ ಬಿದ್ದದ್ದು. ಬೆರಳುಗಳು ಇನ್ನೊಂದು ಕ್ಷಣ ಅಲ್ಲೇ ಇದ್ದವು. "ಸರಿ ಹಾಗಾದ್ರೆ," ಎಂದು ಅವನು ಹೊರಟುಹೋದ.

ಹೊರದೇಶದ ವಿದ್ಯಾಸಂಸ್ಥೆಗಳ ಜೊತೆ ವಿಶ್ವವಿದ್ಯಾಲಯ ಮಾಡಿಕೊಳ್ಳುವ ಒಪ್ಪಂದಗಳನ್ನೆಲ್ಲ ಬರೆದು, ತಿದ್ದಿ, ಸಹಿ ಹಾಕಿಸುವುದು ಅವಳ ಕೆಲಸ. ಅವನು ಮಣ್ಣಿನ ವಿಜ್ಞಾನ ಕಲಿಸುವವನು. ಎಲ್ಲರ ಬಾಯಲ್ಲೂ ಮಣ್ಣು ಮೇಷ್ಟ್ರು. ತನ್ನ ಆರು ವಿದ್ಯಾರ್ಥಿಗಳನ್ನು ಕಡಲಾಚೆಯ ದೊಡ್ಡ ಪ್ರಯೋಗಾಲಯವೊಂದಕ್ಕೆ ಕಳಿಸಲೇಬೇಕೆಂದು ಹದಿನಾಲ್ಕು ತಿಂಗಳಿಂದ ಒಂದೇ ಒಪ್ಪಂದದ ಬೆನ್ನು ಹತ್ತಿದ್ದ. ವಾರಕ್ಕೆರಡು ಸಲ ಕರಡು ಹಿಡಿದು ಬರುತ್ತಿದ್ದ.

"'ಉಭಯ ಪಕ್ಷಗಳು ಪರಸ್ಪರ ಸದ್ಭಾವನೆಯಿಂದ'... ಮೇಡಂ, ಇದು ಒಪ್ಪಂದವೋ, ಮದುವೆ ಕಾಗದವೋ?"

"ಮದುವೆ ಕಾಗದದಲ್ಲಿ ಬಿಟ್ಟುಹೋಗೋ ಷರತ್ತು ಇರಲ್ಲ ಸರ್. ಇದರಲ್ಲಿದೆ, ಹನ್ನೊಂದನೇ ಪುಟ. ಓದಿದ್ರಾ?"

"ಇಲ್ಲ."

"ಓದದೆ ಯಾವುದಕ್ಕೂ ಸಹಿ ಹಾಕಬಾರದು."

"ನೀವು ಬರೆದದ್ದಾದ್ರೆ ಕಣ್ಣು ಮುಚ್ಚಿ ಹಾಕ್ತೀನಿ."

ಅಂಥ ಮಾತಿಗೆ ಅವಳು ಸುಮ್ಮನೆ ಪುಟ ತಿರುವುತ್ತಿದ್ದಳು. ಬಿಸಿಯಾದ ಕಿವಿಯನ್ನು ಮುಚ್ಚಲು ಕೂದಲನ್ನು ಮುಂದಕ್ಕೆಳೆದುಕೊಳ್ಳುತ್ತಿದ್ದಳು. ಅವನು ಅದನ್ನೂ ನೋಡುತ್ತಿದ್ದ, ನೋಡಿಲ್ಲದವನಂತೆ ಕಿಟಕಿಯ ಕಡೆ ತಿರುಗಿ ನಗುತ್ತಿದ್ದ.

ಎಲ್ಲ ಮುಗಿಯಿತು ಎನ್ನುವಾಗ ಆಚೆಯವರು ಹೊಸದೊಂದನ್ನು ಸೇರಿಸಿದರು. ಇಲ್ಲಿಯ ಒಬ್ಬ ಅಧ್ಯಾಪಕ ಮೂರು ವರ್ಷ ಅಲ್ಲೇ ಇದ್ದು ವಿದ್ಯಾರ್ಥಿಗಳ ಹೊಣೆ ಹೊರಬೇಕು. ವಿಭಾಗದಲ್ಲಿ ಉಳಿದವರೆಲ್ಲ ಸಣ್ಣ ಮಕ್ಕಳ ತಂದೆತಾಯಂದಿರು. ಇವನು ಒಂಟಿ. ಅದಕ್ಕೇ ಆ ದಿನ ಬಂದು ಅಡ್ಡಿ ಇದೆಯಾ ಎಂದು ಕೇಳಿದ್ದ.

ಅವಳು ತಾನೆ ಏನು ಹೇಳಿಯಾಳು? ಗಂಡ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಅತ್ತೆ, ವಾಕರ್ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ ಬರಲು ಹತ್ತು ನಿಮಿಷ ತೆಗೆದುಕೊಳ್ಳುವ ಮುದುಕಿ. ಅವರನ್ನು ಬಿಟ್ಟು ಅವಳು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಜೊತೆಗೆ ಹೋಗಲಾರದವಳು ಹೋಗಬೇಡ ಎನ್ನುವುದಾದರೂ ಹೇಗೆ?

ಆದರೆ ಕುಲಪತಿಗಳ ಸಹಿಯೊಂದೇ ಬಾಕಿ ಇದ್ದ ಫೈಲು ಕೈಗೆ ಬಂದಾಗ, ಅವಳ ಕಾಲು ಮೆಟ್ಟಿಲ ಕಡೆ ಹೊರಡಲೇ ಇಲ್ಲ. ಕೆಳಗಿನ ಡ್ರಾಯರಿಗೆ ಹಾಕಿ ಬೀಗ ತಿರುವಿದಳು. ನಾಳೆ ಎಂದುಕೊಂಡಳು. ಮಾರನೆಯ ದಿನವೂ ಹಾಗೇ ಅಂದುಕೊಂಡಳು.

"ಸಹಿ ಆಯ್ತಾ ಮೇಡಂ?"

"ಹೋಗಿದೆ ಸರ್. ಇವತ್ತೋ ನಾಳೆಯೋ ಬರುತ್ತೆ."

ಅವನು ನಂಬಿದ. ಒಂದು ಸಲವೂ ಮರುಪ್ರಶ್ನೆ ಕೇಳಲಿಲ್ಲ. ಅದೇ ಅವಳನ್ನು ಒಳಗೊಳಗೇ ಕೊಂದು ಹಾಕುತ್ತಿತ್ತು.

ಎಂಟನೆಯ ಸಂಜೆ ಅತ್ತೆ ಅವಳ ತಟ್ಟೆಯನ್ನೇ ನೋಡುತ್ತಿದ್ದರು. "ಎಲ್ಲ ಹಾಗೇ ಇದೆಯಲ್ಲೇ. ಯಾರ ಮೇಲಿನ ಸಿಟ್ಟು ತಟ್ಟೆ ಮೇಲೆ?"

"ಸಿಟ್ಟಲ್ಲ ಅತ್ತೆ."

"ಮತ್ತೆ, ಮಣ್ಣು ಮೇಷ್ಟ್ರಾ?"

ಅವಳು ಎತ್ತಿದ ಲೋಟವನ್ನು ಕೆಳಗಿಟ್ಟಳು.

"ನನಗೆ ಬಿದ್ದುಹೋಗಿರೋದು ಕಾಲು, ಕಿವಿಯಲ್ಲ. ವರ್ಷದಿಂದ ದಿನಕ್ಕೆ ನಾಲ್ಕು ಸಲ ಆ ಹೆಸರು ಕೇಳ್ತಾ ಇದೀನಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು, ಡ್ರಾಯರಿನ ವಿಷಯವನ್ನೂ ಹೇಳಿದಳು. ಅತ್ತೆ ಅವಳ ತಟ್ಟೆಯನ್ನು ಬದಿಗೆ ಸರಿಸಿದರು. ಆಮೇಲೆ, "ಹೋಗಬೇಡ ಅನ್ನೋದಿದ್ರೆ ಅವನ ಮುಖ ನೋಡಿ ಅನ್ನು. ಆರು ಮಕ್ಕಳ ದಾರಿಗೆ ಅಡ್ಡ ಮಲಗೋದು ನಿನಗೆ ಶೋಭೆಯಲ್ಲ," ಎಂದರು.

ಮಾರನೆಯ ಮಧ್ಯಾಹ್ನ ಅವನ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. "ಮೇಡಂ, ಇಲ್ಲಿಯ ಐದು ಗಂಟೆಗೆ ಅವರ ಮಂಡಳಿ ಸಭೆಯಂತೆ. ಅಷ್ಟರೊಳಗೆ ಸಹಿಯಾದ ಪ್ರತಿ ತಲುಪದಿದ್ರೆ ಈ ವರ್ಷ ಸೀಟಿಲ್ಲ. ನಾನು ಇದ್ದ ಕೆಲಸ ಬಿಟ್ಟುಬಂದಿದೀನಿ. ಆಗುತ್ತಲ್ವಾ?"

ಗಡುವು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಒಪ್ಪಂದದಲ್ಲಿ ಅದನ್ನು ಟೈಪ್ ಮಾಡಿದ್ದೇ ಅವಳು. ಆದರೆ ಆ ಹುಡುಗಿಯ ಮುಖವನ್ನು ಈವರೆಗೆ ನೋಡಿರಲಿಲ್ಲ. "ಆಗುತ್ತೆ," ಎಂದಳು. ಡ್ರಾಯರಿನ ಬೀಗ ತೆಗೆದು ಫೈಲು ಎತ್ತಿಕೊಂಡಳು.

ಮೆಟ್ಟಿಲಲ್ಲಿ ಅವನೇ ಎದುರಾದ. ಕೈಯಲ್ಲಿದ್ದ ಫೈಲು ಕಂಡು ಅವನ ಮುಖ ಅರಳಿತು. "ಬಂತಾ?"

"ಇಲ್ಲ. ಸಹಿಗೆ ಹೋಗೇ ಇರಲಿಲ್ಲ. ಒಂಬತ್ತು ದಿನದಿಂದ ನನ್ನ ಡ್ರಾಯರಲ್ಲಿತ್ತು. ನಾನೇ ಇಟ್ಟಿದ್ದೆ."

"ತಮಾಷೆ ಮಾಡಬೇಡಿ."

"ತಮಾಷೆಯಲ್ಲ."

ಅವನ ಮುಖ ಕಪ್ಪಿಟ್ಟಿತು. "ಆರು ಜನರ ಒಂದು ವರ್ಷ ಅದು! ನಿಮಗೆ ಗೊತ್ತಿತ್ತು! ಯಾಕೆ?"

"ಸಹಿ ಆದ್ರೆ ನೀವು ಹೋಗ್ತೀರಿ."

ಅವನು ಕೈಗಡಿಯಾರ ನೋಡಿದ. ಕಿಟಕಿಯಿಂದ ಕೆಳಗೆ ನೋಡಿದ. ಕುಲಪತಿಗಳ ಕಾರು ಆಗಲೇ ಬಾಗಿಲಿಗೆ ಬಂದು ನಿಂತಿತ್ತು.

"ಓಡಿ," ಎಂದ.

ಇಬ್ಬರೂ ಓಡಿದರು. ಕುಲಪತಿಗಳು ಹುಬ್ಬು ಗಂಟಿಕ್ಕಿಕೊಂಡು ಕಾರಿನ ಬಾನೆಟ್ ಮೇಲೆಯೇ ಸಹಿ ಹಾಕಿದರು. ಸ್ಕ್ಯಾನ್ ಮಾಡಿ ಕಳಿಸುವಾಗ ನಾಲ್ಕೂ ಇಪ್ಪತ್ತು. 'ತಲುಪಿದೆ' ಎಂಬ ಉತ್ತರ ಬರುವಾಗ ಐದಕ್ಕೆ ಹತ್ತು ನಿಮಿಷವಿತ್ತು.

ಸ್ಕ್ಯಾನ್ ಯಂತ್ರದ ಕೋಣೆಯಲ್ಲಿ ಇಬ್ಬರೇ ಉಳಿದರು.

"ಇನ್ನೂ ಸಿಟ್ಟು ಇಳಿದಿಲ್ಲ ನನಗೆ," ಎಂದ ಅವನು.

"ಇಳಿಸ್ಕೋಬೇಡಿ. ನಾನು ಮಾಡಿದ್ದು ಹಾಗೇ ಇದೆ."

"ಆವತ್ತು ನಾನು ಕೇಳಿದ್ದು ಆಫೀಸರನ್ನಲ್ಲ."

"ಗೊತ್ತಿತ್ತು. ಗೊತ್ತಿದ್ದೇ ಹಾಗಂದೆ. ನಿಮ್ಮನ್ನ ತಡೆಯೋಕೆ ನನಗೇನು ಹಕ್ಕಿತ್ತು?"

"ಹದಿನಾಲ್ಕು ತಿಂಗಳು ಸುಮ್ಮನೆ ನಿಮ್ಮ ಮೇಜಿನ ಮುಂದೆ ನಿಲ್ತಿದ್ನಾ? ಬರೀ ಅಲ್ಪವಿರಾಮ ತಿದ್ದಿಸೋಕೆ ಬರ್ತಿದ್ನಾ ನಾನು?" ಅವನು ಸಹಿಯಾದ ಪುಟದತ್ತ ಬೆರಳು ಮಾಡಿದ. "ಈಗ ಹೆಸರು ಬದಲಾಯಿಸೋಕೆ ಆಗಲ್ವಾ?"

ಉತ್ತರ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಬದಲಾಯಿಸಿದ್ರೆ ಮತ್ತೆ ಮಂಡಳಿಗೆ ಹೋಗಬೇಕು. ಮಕ್ಕಳ ವರ್ಷ ಹೋಗುತ್ತೆ. ನೀವು ಹೋಗಲೇಬೇಕು."

ಇನ್ನೂ ಬೆಚ್ಚಗಿದ್ದ ಯಂತ್ರದ ಮುಚ್ಚಳದ ಮೇಲಿದ್ದ ಅವಳ ಕೈಮೇಲೆ ಅವನು ತನ್ನ ಕೈಯಿಟ್ಟ. ಅವಳು ತೆಗೆಯಲಿಲ್ಲ.

ಅವಳು ತಾನಾಗಿಯೇ ಎಲ್ಲವನ್ನೂ ಬರೆದು ಮೇಲಿನವರಿಗೆ ಕೊಟ್ಟಳು. ಒಪ್ಪಂದಗಳ ಕೆಲಸದಿಂದ ತೆಗೆದು ಅವಳನ್ನು ಪ್ರವೇಶ ವಿಭಾಗದ ಕಿಟಕಿಯಲ್ಲಿ ಕೂರಿಸಿದರು. ಹೊರಡಲು ಅವನಿಗೆ ಉಳಿದದ್ದು ಇಪ್ಪತ್ತು ದಿನ. ಇಪ್ಪತ್ತು ದಿನವೂ ಮಧ್ಯಾಹ್ನ ಆ ಕಿಟಕಿಯ ಸಾಲಿನಲ್ಲಿ ಕೊನೆಯವನಾಗಿ ನಿಂತು, ಸರದಿ ಬಂದಾಗ, "ಊಟ ಆಯ್ತಾ?" ಎಂದು ಕೇಳುತ್ತಿದ್ದ.

ವಿಮಾನ ನಿಲ್ದಾಣದ ಬಸ್ಸು ಹೊರಡುವ ಬೆಳಿಗ್ಗೆ ಅತ್ತೆ ಹಟ ಹಿಡಿದು ಟ್ಯಾಕ್ಸಿಯಲ್ಲಿ ಬಂದರು. ಕಾರಿನ ಕಿಟಕಿ ಇಳಿಸಿ ಅವನನ್ನು ಹತ್ತಿರ ಕರೆದರು.

"ನೀನೇನಪ್ಪಾ ಅವನು? ಹೆಸರು ಕೇಳಿದಷ್ಟು ಎತ್ತರ ಇಲ್ಲ ನೀನು."

ಅವನು ಅಳುನಗೆ ನಕ್ಕ.

"ಇವಳು ನನಗಾಗಿ ಉಳೀತಾಳೆ. ಬೇಡ ಅಂದೆ, ಕೇಳಲ್ಲ. ಅದಕ್ಕೇ ಹೇಳ್ತೀನಿ, ಮೂರು ವರ್ಷ ಇವಳನ್ನ ನಾನು ನೋಡ್ಕೋತೀನಿ. ನೀನು ಬಂದು ಇವಳ ಕೈ ಹಿಡಿಯೋವರೆಗೂ ನಾನು ಸಾಯಲ್ಲ. ತಡ ಮಾಡಬೇಡ, ನನಗೂ ಸಾಕಾಗಿರುತ್ತೆ."

ಅವನು ಬಾಗಿ ಆ ಮುದಿ ಕೈಯನ್ನು ಕಣ್ಣಿಗೊತ್ತಿಕೊಂಡ.

ಬಸ್ಸಿನ ಮೆಟ್ಟಿಲ ಬಳಿ ಅವಳು ಅವನ ಅಂಗಿಯ ತೋಳು ಹಿಡಿದಳು. ಸುತ್ತ ಜನರಿದ್ದರು, ಸಹೋದ್ಯೋಗಿಗಳಿದ್ದರು, ಆರು ವಿದ್ಯಾರ್ಥಿಗಳು ಕಿಟಕಿಗಳಲ್ಲಿ ನೋಡುತ್ತಿದ್ದರು. ಡ್ರೈವರ್ ಒಮ್ಮೆ ಹಾರ್ನ್ ಮಾಡಿದ, ಮತ್ತೊಮ್ಮೆ ಮಾಡಿದ.

"ಹೋಗಬೇಡಿ," ಎಂದಳು ಅವಳು, ಅವನ ಮುಖವನ್ನೇ ನೋಡುತ್ತ. ಆಮೇಲೆ ತಾನೇ ತೋಳು ಬಿಟ್ಟಳು.