ಸಿಂಕಿನ ಎತ್ತರ

"ಈ ಪೈಪನ್ನ ಇಷ್ಟು ಮೇಲೆ ಇಡೋಕೆ ನಿಮಗೆ ಹೇಳಿದ್ದು ಯಾರು?"

ಪ್ಲಂಬರ್ ಗೋಡೆಯಿಂದ ಮುಖ ತಿರುಗಿಸಲಿಲ್ಲ.

ಅಮ್ಮ ಗಾಲಿಕುರ್ಚಿ ಹಿಡಿದು ವರ್ಷವಾಗಿತ್ತು. ಕೂತಲ್ಲೇ ಒಂದು ಲೋಟವಾದರೂ ತೊಳೆಯಲಿ ಅಂತ ತಾನೇ ಮಗಳು ಅಡುಗೆಮನೆ ಒಡೆಸಿದ್ದು! ಸಿಂಕು ತಗ್ಗಿನಲ್ಲಿ, ಅಮ್ಮನ ಮೊಣಕಾಲಿಗೆ ತಾಗದ ಹಾಗೆ ಪೈಪು ಮೂಲೆಗೆ. ಚಾಕ್‌ಪೀಸಲ್ಲಿ ಗೆರೆ ಎಳೆದು ಕೊಟ್ಟಿದ್ದಳು. ಈ ಮನುಷ್ಯ ಅದನ್ನು ಬಿಟ್ಟು ಗೇಣು ಮೇಲಕ್ಕೆ ಕೂರಿಸಿ ಸಿಮೆಂಟು ಮೆತ್ತಿದ್ದ.

ಮೊದಮೊದಲು ಎಷ್ಟು ನಗಿಸುತ್ತಿದ್ದ... ಬೆಳಿಗ್ಗೆ ಅವನ ಬೈಕಿನ ಸದ್ದಿಗೆ ಕಿವಿ ಕೊಡುವ ಅಭ್ಯಾಸವಾಗಿಬಿಟ್ಟಿತ್ತು. ಎಂಟು ದಿನದಿಂದ ಮಾತೇ ಇಲ್ಲ. ಈಗ ಇದು ಬೇರೆ.

"ನಡೆಯೋಕಾಗದವರ ಕಷ್ಟ ನಿಮಗೇನು ಗೊತ್ತು? ಹೊರಡಿ. ನಾಳೆಯಿಂದ ಬರಬೇಡಿ."

ಅವನು ಚೀಲ ಎತ್ತಿಕೊಂಡು ಹೊರಗೆ ನಡೆದ.

ಒಳಗಿನಿಂದ ಅಮ್ಮನ ದನಿ ಬಂತು. "ಅವನಿಗ್ಯಾಕೆ ಬೈತೀಯೇ? ಸಿಂಕನ್ನ ನನ್ನ ಮಗಳ ಎತ್ತರಕ್ಕೆ ಇಡಪ್ಪಾ ಅಂದಿದ್ದು ನಾನು."

"ಯಾಕಮ್ಮಾ?"

"ಡಾಕ್ಟರು ನಿನ್ನನ್ನ ಆಚೆ ಕಳಿಸಿ ನನ್ನ ಹತ್ತಿರ ಮಾತಾಡಿದ್ರಲ್ಲ... ನನಗಿನ್ನು ಎರಡು ತಿಂಗಳಂತೆ. ಹೆಚ್ಚಂದ್ರೆ ಮೂರು. ಅಷ್ಟಕ್ಕೋಸ್ಕರ ನೀನು ಜೀವಮಾನವೆಲ್ಲ ಸೊಂಟ ಬಗ್ಗಿಸಿ ಪಾತ್ರೆ ತೊಳೀಬೇಕಾ?"

ಅವಳು ಅಮ್ಮನ ಕೋಣೆಗೆ ಹೋದಳು. ಗಾಲಿಕುರ್ಚಿ ಹಿಡಿದು ನಿಂತಳು.

"ನನಗೆ ಹೇಳದೆ ಪ್ಲಂಬರಿಗೆ ಹೇಳಿದ್ಯಾ?"

"ನಿನಗೆ ಹೇಳಿದ್ರೆ ಅಳ್ತೀಯ. ಅವನಾದ್ರೆ ಕೆಲಸ ಮಾಡ್ತಾನೆ."

ಗೇಟಿನ ಹತ್ತಿರ ಅವನು ಬೈಕಿಗೆ ಚೀಲ ಕಟ್ಟುತ್ತಿದ್ದ. ಅವಳು ಬರಿಗಾಲಲ್ಲೇ ಓಡಿದಳು.

"ಬಾಯಿಗೆ ಬಂದ ಹಾಗೆ ಬೈದೆ... ಒಂದು ಮಾತು ಹೇಳಬಾರದಿತ್ತಾ?"

"ಅಮ್ಮ ಆಣೆ ಹಾಕಿಸ್ಕೊಂಡಿದ್ರು."

"ಗೊತ್ತಿದ್ದೂ ದಿನಾ ನನ್ನ ಮುಖ ಹೇಗೆ ನೋಡಿದ್ರಿ?"

"ಎಲ್ಲಿ ನೋಡಿದೆ? ಎಂಟು ದಿನದಿಂದ ಗೋಡೆಗೇ ಮುಖ ಮಾಡ್ಕೊಂಡಿದ್ದೀನಿ."

ಅವಳಿಗೆ ಅಳು ಒತ್ತರಿಸಿ ಬಂತು. ಅವನು ಸಿಮೆಂಟು ಮೆತ್ತಿದ್ದ ಕೈಯನ್ನು ಮುಂದೆ ಚಾಚಿ, ಅರ್ಧಕ್ಕೇ ನಿಲ್ಲಿಸಿದ. ಆ ಕೈಯನ್ನು ಅವಳೇ ಹಿಡಿದುಕೊಂಡಳು.

"ಮತ್ತೆ ಒಡೀರಿ. ತಗ್ಗಿನಲ್ಲೇ ಇಡಿ. ಎರಡೇ ತಿಂಗಳಾಗ್ಲಿ, ಅಮ್ಮ ತನ್ನ ಲೋಟ ತಾನೇ ತೊಳೀಲಿ."

"ನಾಳೆ ಸಂಜೆಯೊಳಗೆ ನೀರು ಬಿಡ್ತೀನಿ."

"ಆಮೇಲೆ...?"

"ಆಮೇಲೆ ಸಿಂಕು ಮೇಲೆತ್ತೋದೂ ನಾನೇ. ಆ ದಿನ ನೀವು ಫೋನು ಮಾಡಿ ಕರೀಬೇಕಾಗಿಲ್ಲ. ಇಲ್ಲೇ ಇರ್ತೀನಿ."

"ಕೆಲಸದವರಾಗಿಯಾ?"

"ಅಲ್ಲ."

ಅವಳು ಕಣ್ಣೊರೆಸಿಕೊಂಡು ಚೀಲದ ಹಗ್ಗ ಬಿಚ್ಚಿದಳು.

"ಒಳಗೆ ಬನ್ನಿ. ಅಮ್ಮನಿಗೆ ನೀವೇ ಹೇಳಿ."

"ಸಿಂಕಿನ ವಿಷಯಾನಾ?"

"ಎರಡೂ."